ಮೇಣದೊಳಗಿನ ತುಣುಕು

"ಇದರಲ್ಲಿ ಏನೂ ಇಲ್ಲಮ್ಮ. ಆಗಲೂ ಕಾಣಲಿಲ್ಲ, ಈಗಲೂ ಕಾಣ್ತಿಲ್ಲ," ಎಂದು ದೊಡ್ಡ ಡಾಕ್ಟರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದರು.

ಅವಳೂ ಬಗ್ಗಿ ನೋಡಿದಳು. ಕೆಳಗಿನ ದೀಪದ ಬೆಳಕು ಗಾಜಿನ ಮೇಲಿನ ತುಣುಕನ್ನು ಹಾಯ್ದು ಬರುತ್ತಿತ್ತು. ಗುಲಾಬಿ, ನೇರಳೆ ಬಣ್ಣ ಹಿಡಿದ ಮೂತ್ರಪಿಂಡದ ಕೋಶಗಳು ಅಚ್ಚುಕಟ್ಟಾಗಿ ಕೂತಿದ್ದವು. ಇಪ್ಪತ್ತಾರು ವರ್ಷದ ಹಿಂದೆ, ತಮ್ಮನಿಗೆ ಹದಿನಾಲ್ಕಾಗಿದ್ದಾಗ, ಇದೇ ಆಸ್ಪತ್ರೆಯಲ್ಲಿ ಅವನ ಬೆನ್ನಿಗೆ ಸೂಜಿ ಚುಚ್ಚಿ ತೆಗೆದದ್ದು. ಇಪ್ಪತ್ತೊಂದಕ್ಕೆ ಮೂತ್ರಪಿಂಡ ಸೋತು ಅವನು ಹೋದ.

ಕಿವಿ ಮಂದವಾಗಿದ್ದ ಅವನು ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ. ಮನೆಯಲ್ಲಿ ಅವನ ಹೆಸರೇ ರೇಡಿಯೋ. ತಲೆನೋವೆಂದು ಕೂಗಿಕೊಂಡಾಗಲೆಲ್ಲ ಅಮ್ಮ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸುತ್ತಿದ್ದಳು. ಕಾಯಿಲೆಯ ಕಾರಣ ಡಾಕ್ಟರಿಗೆ ಸಿಗಲಿಲ್ಲ, ಅಮ್ಮನಿಗೆ ಸಿಕ್ಕಿತು: ಆ ಮಾತ್ರೆಗಳೇ ಮೂತ್ರಪಿಂಡ ಕೆಡಿಸಿದವು. "ಕೈಯಾರೆ ಕೊಂದೆ" ಎಂದು ಅಂದಿನಿಂದ ಕೊರಗುತ್ತಲೇ ಇದ್ದಾಳೆ. ತನಗೆ ಜ್ವರ ಬಂದು ಮೈ ಸುಡುತ್ತಿದ್ದರೂ ಮಾತ್ರೆ ಮುಟ್ಟುವುದಿಲ್ಲ.

"ಬೆಳಕಿನ ಕೈಲಿ ಇಷ್ಟೇ ಆಗೋದು," ಡಾಕ್ಟರು ಹೇಳಿದರು. "ತನ್ನ ಅಲೆಗಿಂತ ತೀರಾ ಸಣ್ಣದು ಅದಕ್ಕೆ ಸಿಕ್ಕಲ್ಲ. ಎಷ್ಟು ಹಿಗ್ಗಿಸಿದ್ರೂ ಮಸುಕೇ ದೊಡ್ಡದಾಗುತ್ತೆ. ಆಗ ನಿನ್ನ ಎಲೆಕ್ಟ್ರಾನ್ ರಾಕ್ಷಸ ನಮ್ಮಲ್ಲಿ ಇರಲಿಲ್ಲ. ಅದಕ್ಕೆ ಹಾಕಿ ನೋಡು."

ಆ ರಾಕ್ಷಸನ, ಅಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ, ಚಾಕರಿಯೇ ಆಸ್ಪತ್ರೆಯಲ್ಲಿ ಅವಳ ಕೆಲಸ. ಹಳೆಯ ದಾಸ್ತಾನು ಕೋಣೆ ಖಾಲಿ ಮಾಡುವಾಗ ತಮ್ಮನ ತುಣುಕು ಹುದುಗಿದ್ದ ಮೇಣದ ಗಟ್ಟಿ ಕೈಗೆ ಸಿಕ್ಕಿತ್ತು. ಮರುವಾರ ಅವನ್ನೆಲ್ಲ ಸುಡುವವರಿದ್ದರು. ಅವಳು ಮೇಣ ಕರಗಿಸಿ, ತುಣುಕನ್ನು ರಾಳದಲ್ಲಿ ಗಟ್ಟಿ ಮಾಡಿ, ವಜ್ರದ ಅಲಗಿನಿಂದ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೊಯ್ದಳು. ನಾಲ್ಕು ದಿನ ಹಿಡಿಯಿತು.

ಬೆಳಕಿನ ಕೆಳಗಾದರೆ ನೀರಹನಿಯಲ್ಲಿ ಹುಳ ಈಜುವುದನ್ನೂ ನೋಡಬಹುದು. ಈ ಯಂತ್ರದೊಳಗೆ ನೀರೂ ಇರಬಾರದು, ಗಾಳಿಯೂ ಇರಬಾರದು. "ಸತ್ತವರಿಗೆ ಮಾತ್ರ ಪ್ರವೇಶ," ಎಂದು ಹೊಸಬರಿಗೆ ಅವಳೇ ತಮಾಷೆ ಮಾಡುವುದಿತ್ತು. ಇಂದು ಆ ಮಾತು ನೆನಪಾಗಿ, ತುಣುಕನ್ನು ಮೆಲ್ಲಗೆ ಒಳಗೆ ತಳ್ಳಿದಳು.

ಮಧ್ಯಾಹ್ನ ಪರದೆ ಎಳೆದು ಕತ್ತಲು ಮಾಡಿಕೊಂಡು ಕೂತಳು. ತೆರೆಯ ಮೇಲೆ ಬಣ್ಣವಿಲ್ಲ, ಬರೀ ಬೂದಿ ಛಾಯೆ. ಇಪ್ಪತ್ತು ಸಾವಿರ ಪಟ್ಟು. ರಕ್ತ ಸೋಸುವ ಪೊರೆ ಒಂದೇ ನಯವಾದ ಗೆರೆಯಾಗಿರಬೇಕಿತ್ತು. ಅದು ಹಳೆಯ ಚಾಪೆಯಂತೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು.

"ಅಕ್ಕಾ!"

ತಮ್ಮನದೇ ದನಿ. ತಿರುಗಿದಳು. ಯಾರೂ ಇಲ್ಲ, ಗಾಳಿ ಎಳೆಯುವ ಪಂಪು ಮಾತ್ರ ಗುಂಯ್‌ಗುಡುತ್ತಿತ್ತು. ಹೆದರಿಕೆಯಾಯಿತು, ಇನ್ನೊಮ್ಮೆ ಕೂಗಬಾರದೇ ಎಂಬ ಆಸೆಯೂ ಆಯಿತು. ಈ ಕಾಯಿಲೆ ಅವಳಿಗೆ ಗೊತ್ತಿತ್ತು. ಕಿವಿಯನ್ನೂ ಮೂತ್ರಪಿಂಡವನ್ನೂ ತಿನ್ನುವ, ಹುಟ್ಟಿನಿಂದಲೇ ಬರುವ ಕಾಯಿಲೆ. ಗಂಡುಮಕ್ಕಳಿಗೆ ಹೆಚ್ಚಾಗಿ ತಾಯಿಯಿಂದ ಬರುತ್ತದೆ.

ಒಂದು ಭಾರ ಇಳಿಸಲು ಹೋಗಿ ಇನ್ನೊಂದನ್ನು ಹೊರಿಸುವುದೇ? ಬಸ್ಸಿನುದ್ದಕ್ಕೂ ಸುಳ್ಳೊಂದನ್ನು ಬಾಯಿಪಾಠ ಮಾಡಿಕೊಂಡಳು.

ಅಮ್ಮ ಒಳಕೋಣೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಹೊರಗೆ ಅಪ್ಪ ಪೇಪರನ್ನು ಎದೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು.

"ಮಾತ್ರೆಯಿಂದ ಅಲ್ಲಮ್ಮ. ನಾನೇ ಕಣ್ಣಾರೆ ನೋಡಿದೆ. ಹುಟ್ಟಿದಾಗಿನಿಂದಲೇ ಇತ್ತು."

ಅಮ್ಮನ ಕೈ ನಿಂತಿತು. "ಯಾರಿಂದ ಬಂತು?"

"ಅಪ್ಪನ ಕಡೆಯಿಂದ."

ಅಮ್ಮ ಕಣ್ಣೊರೆಸಿಕೊಂಡು ಎದ್ದು, ಹೊರಗೆ ಇಣುಕಿ ನೋಡಿ, ಸದ್ದಾಗದಂತೆ ಬಾಗಿಲು ಮುಂದೆ ಮಾಡಿದಳು.

"ಅವರ ಕಿವಿಗೆ ಹಾಕ್ಬೇಡ. ತಡ್ಕೊಳ್ಳೋ ಜೀವ ಅಲ್ಲ ಅದು."

"ಅವರೇ ಕೇಳಿದ್ರೆ?"

"ಮಾತ್ರೆಯಿಂದಲೇ ಅಂತ ಹೇಳು. ನಂಗೆ ಅಭ್ಯಾಸ ಆಗಿದೆ."

ಅಮ್ಮ ಮತ್ತೆ ಕೂತು, ಅಪ್ಪನ ಅಂಗಿಯನ್ನು ಮಡಿಲಿಗೆಳೆದುಕೊಂಡು, ತೋಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚತೊಡಗಿದಳು.