ಜೇಡರ ಬಲೆಯಲ್ಲ, ರೇಷ್ಮೆ ಎಳೆ

ಕಣ್ಣಿಗೆ ಕಾಣದ್ದನ್ನು ಕಾಣಿಸಲೆಂದೇ ದೇವರು ಕೆಲವು ಸಾಮಾನುಗಳನ್ನು ಮನುಷ್ಯನ ಕೈಯಲ್ಲಿ ಮಾಡಿಸಿರುತ್ತಾನೆ. ಚಳ್ಳಕೆರೆಯ ಕಾಲೇಜೊಂದರಲ್ಲಿದ್ದ ಹಳೇ ಗ್ಯಾಲ್ವನೋಮೀಟರ್ ಅಂಥದ್ದು. ಗಾಜಿನ ಬುರುಡೆಯೊಳಗೆ ಒಂದು ರೇಷ್ಮೆ ಎಳೆ, ಎಳೆಯ ತುದಿಗೆ ಕಾಂತದ ಮುಳ್ಳು. ತಂತಿಯಲ್ಲಿ ಇರುವೆಯಷ್ಟು ಕರೆಂಟು ಹರಿದರೂ ಮುಳ್ಳು ಸರಿದು ಹೇಳಿಬಿಡುತ್ತಿತ್ತು. ಲ್ಯಾಬಿನ ತಪಾಸಣೆ ಹತ್ತಿರ ಬಂದಿತ್ತು. ಕೆಲಸ ಮಾಡಿದರೆ ಉಳಿಯುತ್ತದೆ, ಇಲ್ಲದಿದ್ದರೆ ಗುಜರಿಗೆ.

ತಪಾಸಣೆಯ ಹಿಂದಿನ ದಿನ, ಆಯುಧಪೂಜೆಯ ರಜೆ ಮುಗಿಸಿ ಬಂದ ಭೌತಶಾಸ್ತ್ರದ ಮೇಡಂ ವನಜಾಕ್ಷಿ ಲ್ಯಾಬಿನ ಬಾಗಿಲಲ್ಲೇ ನಿಂತಳು. ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಮುಳ್ಳು ಮಾತ್ರ ಸೊನ್ನೆಗೆ ಬಾರದೆ ಒಂದೇ ಮಗ್ಗುಲಿಗೆ ತಿರುಚಿಕೊಂಡಿತ್ತು.

“ಯಾರ್ರೀ ಇದನ್ನ ಮುಟ್ಟಿದ್ದು?”

“ನಾನೇ ಮೇಡಂ,” ಎಂದ ಅಟೆಂಡರ್ ಬೊಮ್ಮಲಿಂಗಪ್ಪ, ಬೆನ್ನು ತಟ್ಟಿಸಿಕೊಳ್ಳುವವನಂತೆ. “ಪೂಜೆಗೆ ಅಂತ ಹುಣಸೆಹಣ್ಣು ಹಾಕಿ ತಿಕ್ಕೀನಿ. ಒಳಗೆ ಜೇಡರ ಬಲೆ ಕಟ್ಟಿತ್ತು, ಒರೆಸಿಬಿಟ್ಟೆ.”

“ಜೇಡರ ಬಲೆ!”

“ಆಮೇಲೆ ಮುಳ್ಳು ಬಿತ್ತು. ನಮ್ಮನೆಯಾಕೆಯ ಮೊಳಕಾಲ್ಮೂರು ಸೀರೆ ಕುಚ್ಚಿಂದು ದಾರ ಕಿತ್ತು ಕಟ್ಟೀನಿ. ಆನೆ ಜಗ್ಗಿದ್ರೂ ಹರಿಯಲ್ಲ.”

ವನಜಾಕ್ಷಿಯ ಮೈಯೆಲ್ಲ ಉರಿದುಹೋಯಿತು. “ಇಲ್ಲೇನು ಆನೆ ಕಟ್ತೀವೇನ್ರೀ? ಹುರಿ ಹಾಕಿದ ದಾರ ಅದು! ಹುರಿ ಬಿಚ್ಕಣಾಕೆ ಹೋದಂಗೆಲ್ಲ ಮುಳ್ಳನ್ನೂ ತಿರುಗಿಸ್ತೈತೆ. ಕರೆಂಟಿಗೆ ತಿರುಗ್ತೋ ದಾರಕ್ಕೆ ತಿರುಗ್ತೋ, ಯಾವ ದೇವರು ಬಂದು ಹೇಳ್ತಾನೆ?”

ಅದೇ ಸಿಟ್ಟಿನಲ್ಲಿ ಬಸ್ಸು ಹತ್ತಿ ಮೊಳಕಾಲ್ಮೂರಿಗೆ, ಸೀರೆ ನೇಯುವ ಅವ್ವನ ಮನೆಗೆ ಹೋದಳು. “ಹುರಿ ಇಲ್ಲದ ಒಂಟಿ ಎಳೆ ಬೇಕವ್ವ.” ಅವ್ವ ಕೆಂಚಕ್ಕ ಪಕ್ಕದ ಮನೆಯಿಂದ ರೇಷ್ಮೆಗೂಡು ತಂದು, ಬಿಸಿನೀರಿಗೆ ಹಾಕಿ, ಒಂದೆರಡು ಮೊಳ ಎಳೆ ಬಿಡಿಸಿ ರಟ್ಟಿಗೆ ಸುತ್ತಿಕೊಟ್ಟಳು.

“ಯಾರ ಗ್ರಾಚಾರ ಬಿಡಿಸಾಕೆ ಹೊಂಟೀಯೆ?”

“ಬೊಮ್ಮಲಿಂಗಪ್ಪಂದು! ಸಿಗಿದು ತೋರಣ ಕಟ್ತೀನಿ.”

ಮರುದಿನ ಬೆಳಿಗ್ಗೆ ಲ್ಯಾಬಿಗೆ ಮರಳಿ ಎಳೆ ಕಟ್ಟಲು ಕೂತಳು. ಎದುರಿಗೆ ಬೊಮ್ಮಲಿಂಗಪ್ಪ ಕೈಕಟ್ಟಿ ನಿಂತಿದ್ದ. “ಅಲ್ರೀ, ನಿಮಗೆ...” ಎಂದಳಷ್ಟೇ, ಬಾಯಿಂದ ಹೊರಟ ಉಸಿರಿಗೆ ಎಳೆ ಹಾರಿ ಹರಿಯಿತು. ಇನ್ನೊಂದು ತುಂಡು ತೆಗೆದಳು. ಬೈಗುಳ ಮತ್ತೆ ನಾಲಿಗೆಗೆ ಬಂತು, ಆ ತುಂಡೂ ಹರಿದುಹೋಯಿತು. ರಟ್ಟಿನಲ್ಲಿ ಉಳಿದದ್ದು ಕೊನೆಯ ತುಂಡು. ತುಟಿ ಕಚ್ಚಿದಳು. ತವರಿನ ಬೆಟ್ಟದ ದೇವರು ಜಟಿಂಗ ರಾಮೇಶ್ವರನನ್ನು ಮನಸ್ಸಿನಲ್ಲೇ ನೆನೆದಳು. ಸಿಟ್ಟು ಗಂಟಲಲ್ಲಿ ಕೆಂಡದಂತೆ ಕೂತಿತ್ತು. ನುಂಗಲಿಲ್ಲ, ಉಗುಳಲೂ ಇಲ್ಲ. ಗಂಟು ಬಿತ್ತು. ಮುಳ್ಳು ಓಲಾಡಿ ಓಲಾಡಿ ಸೊನ್ನೆಯ ಮೇಲೆ ನಿಂತಿತು.

ತಪಾಸಣೆಗೆ ಬಂದ ಹನುಮಂತರಾಜು ತಂತಿ ಮುಟ್ಟಿಸಿದರು. ಮುಳ್ಳು ಮೆಲ್ಲಗೆ ಸರಿಯಿತು. “ಪರವಾಗಿಲ್ಲ, ಇರಲಿ ಇದು,” ಎಂದು ಮುಂದಿನ ಕೋಣೆಗೆ ನಡೆದರು.

ಅವರ ಹೆಜ್ಜೆ ದೂರವಾಗುವುದನ್ನೇ ಕಾದಿದ್ದ ವನಜಾಕ್ಷಿ ಗರಕ್ಕನೆ ತಿರುಗಿದಳು. ಬೊಮ್ಮಲಿಂಗಪ್ಪ ಎರಡೂ ಕೈ ಎತ್ತಿದ.

“ಮೇಡಂ, ಮೊದ್ಲು ಗಾಜು ಮುಚ್ರಿ. ಆಮೇಲೆ ಬಯ್ರಿ.”

ಮುಚ್ಚಿದಳು. ಆಮೇಲೆ ಕಾಲೇಜಿಗೆಲ್ಲ ಕೇಳಿಸುವಂತೆ ಬೈದಳು.