ಬಸ್ರಾ ಪದಕದ ಒಗಟು

ಮಧುಗಿರಿಯ ಸರ್ವೇಯರ್ ಪ್ರಸನ್ನಕುಮಾರನಿಗೆ ವಾರವೆಲ್ಲ ಜನರ ಗಡಿ ಜಗಳ ಅಳೆದದ್ದು ಸಾಲದೆ ಭಾನುವಾರಕ್ಕೆ ಜಿಯೋಕ್ಯಾಚಿಂಗ್ ಎಂಬ ಹುಚ್ಚು ಬೇರೆ. ಎಲ್ಲೋ ಒಂದು ಡಬ್ಬಿ ಬಚ್ಚಿಡುವುದು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಒಗಟಿನಲ್ಲಿ ಅಡಗಿಸಿ ಇಂಟರ್ನೆಟ್ಟಿಗೆ ಹಾಕುವುದು. ಬಿಡಿಸಿದವರು ಮೊಬೈಲ್ ಹಿಡಿದು ಹೋಗಿ ಹುಡುಕಿ, ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು ಬರಬೇಕು. "ಕೆಲ್ಸ ಇಲ್ದ ಆಚಾರಿ ಮಗನ ಕುಂಡೆ ಕೆತ್ತಿದ್ನಂತೆ," ಎಂದು ಹೆಂಡತಿ ರಾಧಾಮಣಿ ಆಡಿಕೊಳ್ಳುತ್ತಿದ್ದಳು. ಅವಳ ಮಾತು ಸುಳ್ಳೇನಲ್ಲ.

ಈ ಸಲದ ಒಗಟಿಗೆ ಯುದ್ಧದ ಪದಕವೊಂದು ಸಿಕ್ಕಿತ್ತು. ಶಿರಾದಲ್ಲಿ ಹಳೇ ಹಿತ್ತಾಳೆ, ಕಂಚು ಕೊಳ್ಳುವ ನಸ್ರುಲ್ಲಾ ಕೊಟ್ಟದ್ದು. ಮೊದಲ ಮಹಾಯುದ್ಧದ ಕಂಚಿನ ಬಿಲ್ಲೆ, ಒಂದು ಮಗ್ಗುಲಲ್ಲಿ ರಾಜನ ತಲೆ. ಅಂಚಿನ ಸುತ್ತ ಇಂಗ್ಲಿಷಿನಲ್ಲಿ ಒಂದು ನಂಬರು, ಕೂಲಿ ದಳದ ಹೆಸರು, ಆಮೇಲೆ 'ದೊಡ್ಡಹನುಮಯ್ಯ'.

"ಪಾವಗಡದ ಮನೇದು ಸಾರ್," ಎಂದಿದ್ದ ನಸ್ರುಲ್ಲಾ. "ಬಸ್ರಾದಲ್ಲಿ ಫೌಜಿಗೆ ಮೂಟೆ ಹೊತ್ತ ಆದ್ಮಿ. ವಾಪಸ್ ಬಂದು ಪಾವಗಡದಲ್ಲೇ ಶಾದಿ ಮಾಡ್ಕೊಂಡ. ಐದು ಮಕ್ಳು. ಆರಾಮಾಗಿ ಮುದುಕ ಆಗಿ ಸತ್ತ. ಗೋಡೆ ಮೇಲೆ ಫೋಟೋ ನೋಡ್ದೆ, ಎಡಗೈಗೆ ಆರು ಬೆರಳು."

ಪದಕ ಮನೆಗೆ ಬಂದ ದಿನದಿಂದ ರಾಧಾಮಣಿಗೆ ನೆಮ್ಮದಿ ಇಲ್ಲ. "ಹೊಸ್ಲಾಚೆ ಯಾರೋ ನಿಂತಂಗೆ ಆಗ್ತದೆ ಕಣ್ರೀ. ಅದನ್ನ ಎಲ್ಲಾದ್ರೂ ಇಟ್ಟು ಬನ್ನಿ." ಅವನು ನಕ್ಕ. ಆದರೆ ಸಂಜೆ ಬಾಗಿಲ ಕಡೆ ಮತ್ತೆ ಮತ್ತೆ ನೋಡುವುದು ಅವನಿಗೂ ಅಭ್ಯಾಸವಾಯಿತು.

ಜಾಗ ಗೊತ್ತುಮಾಡಿಕೊಂಡು ಒಗಟು ಕಟ್ಟುವುದು ಈ ಆಟದ ರೂಢಿ. ಸರ್ವೇಯರ್ ಬುದ್ಧಿ ಎಲ್ಲಿ ಹೋಗುತ್ತದೆ, ಅಂಕಿಗಿಂತ ದೇವರಿಲ್ಲ. ಇವನು ಉಲ್ಟಾ ಹೊರಟ: ಪದಕದ ನಂಬರನ್ನೇ ಮಧುಗಿರಿಯ ಅಕ್ಷಾಂಶ ರೇಖಾಂಶದ ಬಾಲಕ್ಕೆ ಸೇರಿಸಿ, ಅದು ತೋರಿಸಿದ ಕಡೆ ಹೋದ. ಬಡವನಹಳ್ಳಿಯ ಆಚೆ, ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದ ಒಂದು ಕಲ್ಲು ಸಿಕ್ಕಿತು. ಪದಕವನ್ನು ಡಬ್ಬಿಗೆ ಹಾಕಿ ಅಲ್ಲೇ ಅಡಗಿಸಿ ಬಂದ.

ತಿಂಗಳೊಳಗೆ ಹುಡುಕಿದವರ ಟಿಪ್ಪಣಿಗಳು ಬಂದವು. ಡಬ್ಬಿಯ ಮುಂದೆ ಯಾರೋ ಹಸಿರು ಬಳೆ ಇಟ್ಟಿದ್ದಾರೆ ಎಂದು ಒಬ್ಬರು. ಮುದುಕಿಯೊಬ್ಬಳು ಪದಕದ ಹೆಸರು ಓದಿಸಿಕೊಂಡು, ಯಾರೂ ಇಲ್ಲದ ಕಡೆ ತಿರುಗಿ ಮಾತಾಡುತ್ತಾ ಕೂತಳು ಎಂದು ಇನ್ನೊಬ್ಬರು. ಡಬ್ಬಿ ತೆಗೆದುಬಿಡೋಣವೆಂದು ಪ್ರಸನ್ನಕುಮಾರ ಪಿತೃಪಕ್ಷದ ಅಮಾವಾಸ್ಯೆಯ ಮಧ್ಯಾಹ್ನ ಬೈಕ್ ಹತ್ತಿದ.

ಕಲ್ಲಿನ ಮುಂದೆ ಆ ಮುದುಕಿ ಎರಡು ಬಾಳೆಲೆ ಹಾಸಿಕೊಂಡು ಕೂತಿದ್ದಳು. ಹೆಸರು ಚಿಕ್ಕಹನುಮಕ್ಕ. ಕಲ್ಲಿನ ಮುಂದಿನ ಎಲೆಯಲ್ಲಿ ಮುದ್ದೆ, ಅನ್ನ, ವಡೆ. ಡಬ್ಬಿಯಿಂದ ತೆಗೆದಿಟ್ಟ ಪದಕದ ಮುಂದಿನ ಎಲೆ ಖಾಲಿ. ಡಬ್ಬಿ ತನ್ನದೆಂದು ಅವನು ಒಪ್ಪಿಕೊಂಡ.

"ಕೂತ್ಕೊಳಪ್ಪ. ಇವ್ನು ನಮ್ಮಜ್ಜ ಕಣಪ್ಪ. ಆರು ಬೆರಳಿನೋನು. ಬಸ್ರಾಕ್ಕೆ ಹೋಗೋವಾಗ ಈರಕ್ಕಜ್ಜಿಗೆ ಇದೇ ಮರದ ತಾವ 'ಬತ್ತೀನಿ, ಇಲ್ಲೇ ಇರು' ಅಂದ್ನಂತೆ. ಅವ್ಳು ಸಾಯೋಗಂಟ ದಿನಾ ಇಲ್ಲಿ ಬಂದು ಕುಂತ್ಳು. ಮುತ್ತೈದೆ ಅಂತ ಬಳೆ ಸಮೇತ ಈ ಕಲ್ಲಿನ ತಾವ್ಲೇ ಮಣ್ಣು ಮಾಡಿದ್ವಿ. ನಲವತ್ತು ವರ್ಸದಿಂದ ಎಡೆ ಇಕ್ತೀನಿ, ಒಂದು ಕಾಗೆ ಮುಟ್ಟಿಲ್ಲ. 'ಅವ್ರು ಉಂಡಿಲ್ಲ, ನಾನೆಂಗೆ ಉಣ್ಲಿ' ಅಂತ ಕನಸಿನಾಗೆ ಅಳ್ತಾಳೆ. ಸತ್ತ ಸುದ್ದಿ ಇಲ್ದೆ ಅವ್ನಿಗೆ ನಾವೆಂಗೆ ಎಡೆ ಇಕ್ಕಾನ? ಓದಿದೋನು ನೀನು. ಸತ್ತ ಅಂತ ಬರ್ದೈತಾ?"

ಪಾವಗಡ ಇಲ್ಲಿಂದ ಒಂದು ಬಸ್ಸಿನ ದೂರ. ಅವನು ಪದಕ ಎತ್ತಿ ಅಂಚನ್ನು ತಿರುಗಿಸಿ ನೋಡಿದ.

"ಹೂನಜ್ಜಿ," ಎಂದ. "ಬಸ್ರಾದಲ್ಲೇ ತೀರ್ಕೊಂಡ್ರು."

ಅವಳು ಕಣ್ಣೊರೆಸಿಕೊಂಡು ಖಾಲಿ ಎಲೆಗೂ ಬಡಿಸಿದಳು. ಇಬ್ಬರೂ ದೂರ ಹೋಗಿ ಕೂತರು. ಮರದ ತುಂಬ ಕಾಗೆಗಳಿದ್ದವು. ಒಂದೂ ಕೂಗಲಿಲ್ಲ, ಒಂದೂ ಇಳಿಯಲಿಲ್ಲ. ಗಂಟೆ ಕಳೆಯಿತು. ಗಾಳಿಯಿಲ್ಲದಿದ್ದರೂ ಕಲ್ಲಿನ ಮೇಲಿದ್ದ ಹಸಿರು ಬಳೆಗಳು ಸಣ್ಣಗೆ ಸದ್ದು ಮಾಡಿದವು. ಅದನ್ನು ಕೇಳಿದ್ದು ತಾನೊಬ್ಬನೇ ಅಲ್ಲ ಎಂಬುದು ಮುದುಕಿಯ ಮುಖ ನೋಡಿದರೆ ತಿಳಿಯುತ್ತಿತ್ತು.

"ಸುಳ್ಳು ಹೇಳ್ದೆ ಅಜ್ಜಿ," ಎಂದುಬಿಟ್ಟ. ಪಾವಗಡದ ಮನೆ, ಐದು ಮಕ್ಕಳು, ಗೋಡೆಯ ಫೋಟೋ, ಎಲ್ಲ ಹೇಳಿದ.

ಚಿಕ್ಕಹನುಮಕ್ಕ ಅಳಲಿಲ್ಲ. ಎದ್ದು ಹೋಗಿ ಪದಕದ ಮುಂದಿನ ಎಲೆಯನ್ನು ಅನ್ನದ ಸಮೇತ ಎಳೆದು ಮಡಚಿದಳು. ಆಮೇಲೆ ಕಲ್ಲಿನ ಮೇಲೆ ಕೈಯಿಟ್ಟು, ಹಸಿದ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು:

"ಅಜ್ಜೀ, ಅವ್ನು ಉಂಡವ್ನೆ. ಬ್ಯಾರೆ ಮನೇಲಿ ಹೊಟ್ಟೆ ತುಂಬ ಉಂಡವ್ನೆ. ಇನ್ನು ನೀನು ಉಣ್ಣವ್ವ."

ಅವಳು ಹಿಂದಕ್ಕೆ ಬರುವಷ್ಟರಲ್ಲಿ ಒಂದು ಕಾಗೆ ಇಳಿದು ಈರಕ್ಕನ ಎಲೆಗೆ ಬಾಯಿ ಹಾಕಿತು. ಆಮೇಲೆ ಮರವೇ ಇಳಿದು ಬಂತು. ಪ್ರಸನ್ನಕುಮಾರ ಅತ್ತುಬಿಟ್ಟ.

ಎಲೆ ಬರಿದಾದ ಮೇಲೆ ಮುದುಕಿ ಡಬ್ಬಿಯ ಪುಸ್ತಕ ಎತ್ತಿಕೊಂಡಳು. "ಇದ್ರಾಗೆ ಯಾರ ಹೆಸ್ರು ಬರೀತಾರಪ್ಪ?"

"ಹುಡುಕಿದೋರ ಹೆಸ್ರು ಅಜ್ಜಿ."

"ಅಂಗಾದ್ರೆ ನಮ್ಮಜ್ಜೀದು ಬರಿ. ಅವ್ಳಷ್ಟು ಯಾರು ಹುಡುಕವ್ರೆ?"

ಅವನು 'ಈರಕ್ಕ' ಎಂದು ಬರೆದ. ಸಿಕ್ಕಿದ ದಿನ ಎಂಬಲ್ಲಿ ಅಂದಿನ ತಾರೀಖು ಹಾಕಿದ.