ಮಾತಿನ ಕುರ್ಚಿ, ಮೌನದ ಕುರ್ಚಿ

ಕಟಿಂಗ್ ಅಂಗಡಿಯ ಮೇಲಿನ ಕೋಣೆ ಮಗಳಿಗೆ ಬೇಕಿತ್ತು. ಮನಶ್ಶಾಸ್ತ್ರ ಓದಿ ಬಂದವಳು. ಅಲ್ಲಿ ಕೂತು ಜನರ ಕಷ್ಟಸುಖ ಕೇಳುವ ಆಸೆ. ಅಪ್ಪನಿಗೋ ಅದು ಮುರಿದ ಸಾಮಾನು ತುಂಬುವ ಜಾಗ.

"ಮೊದಲು ನಿನ್ನ ವಿದ್ಯೆಯಿಂದ ಅಂಗಡಿಗೆ ಏನಾದ್ರೂ ಉಪಯೋಗ ಆಗ್ಲಿ ಡಾಕ್ಟರಮ್ಮ, ಕೋಣೆ ಆಮೇಲೆ," ಎಂದ ಅಪ್ಪ.

ಅಂಗಡಿಯಲ್ಲಿದ್ದದ್ದು ಎರಡೇ ಕುರ್ಚಿ. ಒಂದರ ಹಿಂದೆ ಅಪ್ಪ. ಬಾಯಿ ಬಿಟ್ಟರೆ ಊರೆಲ್ಲ ಸುತ್ತಿ ಬರುವವನು. ಇನ್ನೊಂದರ ಹಿಂದೆ ಚಿಕ್ಕಪ್ಪ. ಮಾತಾಡಿದರೆ ಮುತ್ತು ಉದುರೀತು ಎನ್ನುವಂಥವನು. ಒಬ್ಬ ಬಹಿರ್ಮುಖಿ, ಒಬ್ಬ ಅಂತರ್ಮುಖಿ. ಪಠ್ಯಪುಸ್ತಕವೇ ಕತ್ತರಿ ಹಿಡಿದು ನಿಂತಂತೆ ಕಂಡಿತು ಅವಳಿಗೆ. ಭಾನುವಾರ ಬಾಗಿಲಲ್ಲೇ ನಿಂತು, "ಜನರ ಮಧ್ಯೆ ಇದ್ರೆ ನಿಮಗೆ ಖುಷಿನೋ, ಸುಸ್ತೋ?" ಎಂದು ಬಂದವರನ್ನೆಲ್ಲ ಕೇಳಿದಳು. ಮಾತುಗಾರರು ಅಪ್ಪನ ಕುರ್ಚಿಗೆ, ಮೌನಿಗಳು ಚಿಕ್ಕಪ್ಪನ ಕುರ್ಚಿಗೆ.

ಅಪ್ಪನಿಗೆ ಸಿಕ್ಕವನು ಬಸ್ ಕಂಡಕ್ಟರ್. ಒಬ್ಬನ ಮಾತು ಮುಗಿಯುವ ಮೊದಲೇ ಇನ್ನೊಬ್ಬನದು ಶುರು. ಅಪ್ಪನಿಗೆ ಮಾತಾಡಲು ಕೈಯೂ ಬೇಕು, ಹಾಗಾಗಿ ಕತ್ತರಿ ಗಾಳಿಯನ್ನೇ ಕತ್ತರಿಸುತ್ತಿತ್ತು. ಕಂಡಕ್ಟರನ ಒಂದು ಕಿವಿ ಹೊರಗೆ ಬಂದಿತ್ತು, ಇನ್ನೊಂದು ಕೂದಲ ಕಾಡಿನಲ್ಲೇ ಉಳಿದಿತ್ತು. ಬೆಂಚಿನಲ್ಲಿ ಕಾಯುತ್ತಿದ್ದವರು ಗೊಣಗತೊಡಗಿದರು.

ಪಕ್ಕದಲ್ಲಿ ಅಂಚೆ ಕಚೇರಿಯ ಗುಮಾಸ್ತ. ಎಷ್ಟು ತೆಗೆಯಲಿ ಎಂದು ಚಿಕ್ಕಪ್ಪ ಕೇಳಲಿಲ್ಲ, ಸಾಕು ಎಂದು ಗುಮಾಸ್ತ ಹೇಳಲಿಲ್ಲ. ಬೇಡವಾದರೆ ಹೇಳುತ್ತಾನೆ ಎಂದುಕೊಂಡ ಚಿಕ್ಕಪ್ಪ. ಕಸುಬು ತಿಳಿದವನು, ಎಲ್ಲೋ ಒಂದು ಕಡೆ ನಿಲ್ಲಿಸುತ್ತಾನೆ ಎಂದುಕೊಂಡ ಗುಮಾಸ್ತ. ಮೆಷಿನ್ ಒಂದೇ ಸಮನೆ ಓಡಿತು. ಕೊನೆಗೆ ತಲೆ, ಬೆಳಗಿಟ್ಟ ಬೋಗುಣಿಯಂತೆ ಹೊಳೆಯಿತು.

ಗುಮಾಸ್ತ ಕನ್ನಡಿ ನೋಡಿದ. ನೋಡುತ್ತಲೇ ಇದ್ದ. ಅಪ್ಪನೂ ಕಂಡಕ್ಟರನೂ ಬಾಯಿ ಮುಚ್ಚಿದರು.

"ನೋಡಮ್ಮ, ನಿನ್ನ ಶಾಸ್ತ್ರದ ಕೈಚಳಕ," ಎಂದ ಅಪ್ಪ ಮೆಲ್ಲಗೆ.

ಗುಮಾಸ್ತ ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಅಂಥವನಿಗೆ ಹೇಳುವ ಮಾತು ಅಪ್ಪನ ಬತ್ತಳಿಕೆಯಲ್ಲಿ ಒಂದೂ ಇರಲಿಲ್ಲ. ಜೇಬು ತಡಕಿ, ಮೇಲಿನ ಕೋಣೆಯ ಬೀಗದ ಕೈಯನ್ನು ಮಗಳ ಕೈಗೆ ತುರುಕಿದ.

"ಮೇಲೆ ಹೋಗಿ ಸ್ವಾಮಿ. ಇವಳು ಓದಿರೋದೇ ಇದಕ್ಕೆ. ಎಷ್ಟು ಬೇಕಾದ್ರೂ ಬೈರಿ, ಕೇಳಿಸ್ಕೋತಾಳೆ."

ಮೇಲೆ ಅವಳು ಒಂದು ಸ್ಟೂಲಿನ ಧೂಳು ಒರೆಸಿ ಅವನನ್ನು ಕೂರಿಸಿದಳು. ಬಾಲ್ಯದಿಂದ ಶುರು ಮಾಡುವುದೋ, ಕಲಿತ ಅಭ್ಯಾಸದಿಂದಲೋ, ಹುಟ್ಟುಗುಣದಿಂದಲೋ? ಸಿದ್ಧಾಂತಗಳೆಲ್ಲ ನಾಲಿಗೆಯ ತುದಿಗೆ ನೂಕುನುಗ್ಗಲಾಗಿ ಬಂದವು. ಆ ತಲೆ ನೋಡಿ ಎಲ್ಲವನ್ನೂ ನುಂಗಿಕೊಂಡಳು. ಸುಮ್ಮನೆ ಎದುರಿಗೆ ಕೂತಳು.

"ಬರೀ ತುದಿ ತೆಗೀರಿ ಅನ್ನೋಣ ಅಂತಿದ್ದೆ," ಎಂದ ಅವನು, ಬೋಳು ತಲೆ ಸವರಿಕೊಂಡು. "ಆಫೀಸಲ್ಲೂ ಹೀಗೇ, ಮನೇಲೂ ಹೀಗೇ. ಹೇಳೋಣ ಅನ್ನೋಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ."

"ಮುಗೀತೇನಮ್ಮ?" ಕೆಳಗಿನಿಂದ ಅಪ್ಪನ ದನಿ.

ಅವಳು ಎದ್ದು ಬಾಗಿಲು ಹಾಕಿಕೊಂಡು ಬಂದಳು.